ಹಳೆಯ ಕಾರಿನ ಚಾಸಿಗೆ ಹಿಡಿದ ತುಕ್ಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಳೆಯ ಕಾರುಗಳನ್ನು ಉಳಿಸಿಕೊಳ್ಳುವ ಬಗ್ಗೆ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ತುಕ್ಕಿಗೆ ಸಂಬಂಧಿಸಿದವು. ಎಂಜಿನ್ ಕೆಟ್ಟರೆ ಸದ್ದು ಬರುತ್ತದೆ, ಬ್ಯಾಟರಿ ಸೋತರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಆದರೆ ಚಾಸಿಯನ್ನು, ಅಂದರೆ ಗಾಡಿಯ ಭಾರವನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟನ್ನು, ತುಕ್ಕು ತಿನ್ನುತ್ತಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನನ್ನ ಕಾರಿಗೆ ಇಪ್ಪತ್ತು ವರ್ಷ ದಾಟಿದೆ. ಆಯಿಲ್ ಬದಲಾಯಿಸಲು ಗಾಡಿಯನ್ನು ಮೇಲೆತ್ತಿದಾಗ ಕೆಳಭಾಗವೆಲ್ಲ ಕೆಂಪಗೆ ಕಂಡಿತು. ಇದು ವಯಸ್ಸಿಗೆ ಸಹಜವಾದ ತುಕ್ಕೋ, ಅಪಾಯದ ತುಕ್ಕೋ ಎಂದು ತಿಳಿಯುವುದು ಹೇಗೆ?

ಉತ್ತರ: ಕೆಂಪು ಬಣ್ಣ ಕಂಡ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ, ಕಾಣದಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ. ಮೊದಲು ನಿಮ್ಮ ಕಾರಿನ ರಚನೆ ಯಾವ ಬಗೆಯದು ಎಂದು ಗೊತ್ತುಮಾಡಿಕೊಳ್ಳಿ. ಪಿಕಪ್‌ಗಳಲ್ಲಿ, ಜೀಪಿನಂಥ ವಾಹನಗಳಲ್ಲಿ ಮತ್ತು ಹಳೆಯ ದೊಡ್ಡ ಗಾಡಿಗಳಲ್ಲಿ ಏಣಿಯ ಆಕಾರದ ಪ್ರತ್ಯೇಕ ಚಾಸಿ ಇರುತ್ತದೆ. ಅದರ ಉಕ್ಕು ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್ ದಪ್ಪವಾಗಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಹಾಗಲ್ಲ. ಅವುಗಳಲ್ಲಿ ಬಾಡಿಯೇ ಚಾಸಿಯ ಕೆಲಸವನ್ನೂ ಮಾಡುತ್ತದೆ. ಇದಕ್ಕೆ ಮೊನೊಕಾಕ್ ಎನ್ನುತ್ತಾರೆ. ಅಲ್ಲಿ ನೆಲದ ತಗಡು 1 ಮಿಲಿಮೀಟರಿನ ಆಸುಪಾಸು, ಭಾರ ಹೊರುವ ತೊಲೆಗಳು ಅದಕ್ಕಿಂತ ತುಸು ದಪ್ಪ, ಅಷ್ಟೆ. ಅರ್ಧ ಮಿಲಿಮೀಟರ್ ಲೋಹ ಕರಗಿದರೆ ದಪ್ಪ ಚಾಸಿ ಅದನ್ನು ತಡೆದುಕೊಳ್ಳಬಹುದು, ಮೊನೊಕಾಕಿನ ತಗಡಿಗೆ ಅದು ಅರ್ಧ ಆಯುಷ್ಯ ಹೋದಂತೆಯೇ ಸರಿ.

ತುಕ್ಕಿಗೆ ಮೂರು ಹಂತಗಳುಂಟು. ಮೊದಲನೆಯದು ಮೇಲ್ಮೈಯ ತುಕ್ಕು. ವೈರ್ ಬ್ರಷ್‌ನಿಂದ ಉಜ್ಜಿದರೆ ಕೆಂಪು ಪುಡಿ ಉದುರಿ ಕೆಳಗೆ ಹೊಳೆಯುವ ಉಕ್ಕು ಕಾಣುತ್ತದೆ. ದಪ್ಪ ಚಾಸಿಯ ಮೇಲೆ ಇಂಥ ತುಕ್ಕು ಹಲವು ವರ್ಷ ಹಾಗೆಯೇ ಇದ್ದರೂ ಬಲಕ್ಕೆ ಕುಂದಿಲ್ಲ. ಎರಡನೆಯದು ಚಕ್ಕೆ ಏಳುವ ತುಕ್ಕು. ಇದರಲ್ಲಿ ಲೋಹ ಹಳೆಯ ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಸ್ಕ್ರೂಡ್ರೈವರಿನ ತುದಿಯಿಂದ ಒಂದು ಪದರವನ್ನು ಎಬ್ಬಿಸಿದರೆ ಅದರಡಿ ಇನ್ನೊಂದು ಪದರ ಸಡಿಲವಾಗಿ ಕಾಯುತ್ತಿರುತ್ತದೆ. ಮೂರನೆಯದು ತೂತು. ತೂತು ಕಾಣುವ ಹೊತ್ತಿಗೆ ಅದರ ಸುತ್ತಲಿನ ಲೋಹವೂ ಕಾಗದದಷ್ಟು ತೆಳುವಾಗಿರುತ್ತದೆ ಎಂಬುದನ್ನು ಮರೆಯಬಾರದು.

ಪರೀಕ್ಷೆಗೆ ಒಂದು ಚಿಕ್ಕ ಸುತ್ತಿಗೆ, ಒಂದು ಮೊಂಡು ಸ್ಕ್ರೂಡ್ರೈವರ್ ಮತ್ತು ಒಳ್ಳೆಯ ಟಾರ್ಚ್ ಸಾಕು. ಗಾಡಿಯನ್ನು ಜಾಕ್ ಒಂದರ ಮೇಲೆ ನಿಲ್ಲಿಸಿ ಅದರಡಿಗೆ ಹೋಗಬೇಡಿ. ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬಳಿಕ ಚಾಸಿಯ ತೊಲೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೇಣು ಗೇಣಿಗೂ ಮೆಲ್ಲಗೆ ತಟ್ಟುತ್ತ ಸಾಗಿ. ಆರೋಗ್ಯವಾಗಿರುವ ಉಕ್ಕು ಠಣ್ ಎನ್ನುತ್ತದೆ, ಸುತ್ತಿಗೆ ಕೈಯಲ್ಲಿ ಪುಟಿಯುತ್ತದೆ. ಟೊಳ್ಳಾದ ಕಡೆ ಸದ್ದು ಮಂದವಾಗುತ್ತದೆ, ಸುತ್ತಿಗೆ ಪುಟಿಯುವುದಿಲ್ಲ. ಕೆಲವೊಮ್ಮೆ ತೊಲೆಯ ಒಳಗೆ ಚಕ್ಕೆಗಳು ಸರಸರನೆ ಉದುರುವುದು ಕೇಳಿಸುತ್ತದೆ. ಆ ಸದ್ದು ಕೇಳಿಸಿದರೆ ಹೊರಗಿನ ಬಣ್ಣ ಎಷ್ಟೇ ಚೆನ್ನಾಗಿದ್ದರೂ ನಂಬಬೇಡಿ. ಅಂಥ ಕಡೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಕೈಬಲಕ್ಕೇ ಲೋಹ ಒಳಗೆ ಬಗ್ಗಿದರೆ ಅದು ಇನ್ನು ಭಾರ ಹೊರಲಾರದು.

ಎಷ್ಟು ತುಕ್ಕಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದೇ ಮುಖ್ಯ. ಈ ಅಂಕಣದಿಂದ ಓದುಗರು ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಿರಲಿ. ತೊಲೆಯ ನಡುಭಾಗದಲ್ಲಿ ಅಂಗೈಯಗಲದ ಮೇಲ್ಮೈ ತುಕ್ಕಿಗಿಂತ ಚಕ್ರವನ್ನು ಚಾಸಿಗೆ ಜೋಡಿಸುವ ತೋಳು (ಸಸ್ಪೆನ್ಷನ್ ಆರ್ಮ್) ಕೂರುವ ಬ್ರಾಕೆಟ್ಟಿನ ಬುಡದಲ್ಲಿರುವ ಬೆರಳಗಲದ ಚಕ್ಕೆ ಹೆಚ್ಚು ಅಪಾಯಕಾರಿ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯ ನಿಯಮಗಳೂ ಇದೇ ತತ್ವವನ್ನು ಅನುಸರಿಸುತ್ತವೆ. ಸಸ್ಪೆನ್ಷನ್, ಸ್ಟಿಯರಿಂಗ್, ಬ್ರೇಕ್, ಸೀಟ್‌ಬೆಲ್ಟ್ ಮುಂತಾದವು ಚಾಸಿಗೆ ಅಂಟಿಕೊಳ್ಳುವ ಜಾಗದಿಂದ 30 ಸೆಂಟಿಮೀಟರ್ ಒಳಗಿನ ಭಾರ ಹೊರುವ ಭಾಗ ತುಕ್ಕಿನಿಂದ ತೀರ ದುರ್ಬಲವಾಗಿದ್ದರೆ ಗಾಡಿ ಅನುತ್ತೀರ್ಣವಾಗುತ್ತದೆ. ನೀವು ಯಾವ ನಾಡಿನಲ್ಲಿದ್ದರೂ ಆ 30 ಸೆಂಟಿಮೀಟರಿನ ವೃತ್ತವನ್ನು ಮನಸ್ಸಿನಲ್ಲೇ ಎಳೆದುಕೊಂಡು, ಅದರೊಳಗಿನ ಪ್ರತಿಯೊಂದು ಜಾಗವನ್ನೂ ಮೊದಲು ನೋಡಿ.

ಪ್ರಶ್ನೆ: ಹೊರಗಿನಿಂದ ಬಣ್ಣ ಸರಿಯಾಗಿಯೇ ಇದ್ದ ತೊಲೆ ಒಳಗಿನಿಂದ ತೂತುಬಿದ್ದಿತ್ತು. ನೀರು ಹೊರಗಿನಿಂದ ತಾನೇ ತಾಗುವುದು? ತುಕ್ಕು ಒಳಗಿನಿಂದ ಶುರುವಾಗುವುದೇಕೆ?

ಉತ್ತರ: ನೀರು ಹೊರಗೆ ತಾಗುತ್ತದೆ, ಗಾಳಿಗೆ ಆರುತ್ತದೆ. ಒಳಗೆ ಹೋದ ನೀರು ಆರುವುದಿಲ್ಲ. ಪೆಟ್ಟಿಗೆಯಂತೆ ಮುಚ್ಚಿದ ತೊಲೆಗಳಲ್ಲಿ ನೀರು ಹರಿದುಹೋಗಲು ತಯಾರಕರು ತೂತುಗಳನ್ನು ಬಿಟ್ಟಿರುತ್ತಾರೆ. ಚಕ್ರ ಎರಚಿದ ಕೆಸರು ಅದೇ ತೂತುಗಳಿಂದ ಒಳಹೊಕ್ಕು, ಕೆಳಗೆ ಕೂತು, ಕೊನೆಗೆ ಅದೇ ತೂತುಗಳನ್ನು ಮುಚ್ಚಿಬಿಡುತ್ತದೆ. ಒದ್ದೆ ಮಣ್ಣು ವಾರಗಟ್ಟಲೆ ತೇವವನ್ನು ಉಕ್ಕಿಗೆ ಒತ್ತಿ ಹಿಡಿದಿರುತ್ತದೆ.

ತುಕ್ಕು ಹಿಡಿಯಲು ಕಬ್ಬಿಣ, ನೀರು, ಆಮ್ಲಜನಕ ಈ ಮೂರೂ ಬೇಕು. ಆದರೆ ಆಮ್ಲಜನಕ ಎಲ್ಲ ಕಡೆ ಒಂದೇ ಸಮನಾಗಿ ಸಿಗದಿದ್ದಾಗ ಕೆಲಸ ಇನ್ನಷ್ಟು ಕೆಡುತ್ತದೆ. ಕೆಸರಿನ ಅಡಿಯಲ್ಲಿ ಅಥವಾ ಎರಡು ತಗಡುಗಳು ಒಂದರ ಮೇಲೊಂದು ಕೂತ ಬೆಸುಗೆಯ ಸಂದಿನಲ್ಲಿ ಆಮ್ಲಜನಕ ಕಡಿಮೆ, ಅದರ ಪಕ್ಕದ ಬಯಲಿನಲ್ಲಿ ಹೆಚ್ಚು. ಈ ವ್ಯತ್ಯಾಸದಿಂದಲೇ ಅಲ್ಲೊಂದು ಚಿಕ್ಕ ವಿದ್ಯುತ್ ಕೋಶ ಹುಟ್ಟಿಕೊಂಡು, ಆಮ್ಲಜನಕ ಕಡಿಮೆ ಇರುವ ಜಾಗದ ಕಬ್ಬಿಣ ಕರಗತೊಡಗುತ್ತದೆ. ಸಂದಿಗಳಲ್ಲಿ ತುಕ್ಕು ಅಷ್ಟು ಆಳಕ್ಕೆ ಇಳಿಯುವುದಕ್ಕೆ ಇದೇ ಕಾರಣ. ಜೊತೆಗೆ, ತುಕ್ಕು ತಾನು ತಿಂದ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಸಂದಿನಲ್ಲಿ ಬೆಳೆದ ತುಕ್ಕು ಎರಡು ತಗಡುಗಳನ್ನು ದೂಡಿ ಅಗಲಿಸುತ್ತದೆ, ಅವುಗಳನ್ನು ಜೋಡಿಸಿದ ಚುಕ್ಕಿಯಂಥ ಬೆಸುಗೆಗಳನ್ನು (ಸ್ಪಾಟ್ ವೆಲ್ಡುಗಳನ್ನು) ಕಿತ್ತುಹಾಕುತ್ತದೆ, ಹೀಗೆ ಅಗಲವಾದ ಸಂದಿಗೆ ಇನ್ನಷ್ಟು ನೀರು ನುಗ್ಗುತ್ತದೆ.

ಉಪ್ಪು ಸೇರಿದರೆ ವೇಗ ಹೆಚ್ಚುತ್ತದೆ. ಅದು ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವಂತೆ ಮಾಡುವುದಲ್ಲದೆ ಗಾಳಿಯಿಂದ ತೇವವನ್ನೂ ಎಳೆದುಕೊಳ್ಳುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡ 75ರಷ್ಟಾದಾಗ ತಾನಾಗಿಯೇ ಕರಗತೊಡಗಿದರೆ, ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಸುರಿಯುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡ 33ರಷ್ಟು ತೇವಾಂಶವೇ ಸಾಕು. ಅಂದರೆ ನಮಗೆ ಒಣಗಿದಂತೆ ಕಾಣುವ ಹವೆಯಲ್ಲೂ ಚಾಸಿಯ ಒಳಗೆ ಅದು ಒದ್ದೆಯಾಗಿಯೇ ಇರುತ್ತದೆ. ಸಮುದ್ರ ತೀರದ ಗಾಳಿಯಲ್ಲೂ ಉಪ್ಪಿನ ಸೂಕ್ಷ್ಮ ಹನಿಗಳಿರುವುದರಿಂದ ಹಿಮವನ್ನೇ ಕಾಣದ ಊರಿನ ಕಾರುಗಳಿಗೂ ವಿನಾಯಿತಿಯಿಲ್ಲ.

ಪ್ರಶ್ನೆ: ಗ್ಯಾರೇಜಿನವರು ಕೆಳಭಾಗಕ್ಕೆ ಕಪ್ಪು ಅಂಡರ್‌ಕೋಟಿಂಗ್ ಹೊಡೆದುಕೊಡುತ್ತೇನೆ, ಮತ್ತೆ ಹತ್ತು ವರ್ಷ ನೋಡಬೇಕಾಗಿಲ್ಲ ಎನ್ನುತ್ತಾರೆ. ಪರಿಚಿತರೊಬ್ಬರು ಬಳಸಿ ತೆಗೆದ ಎಂಜಿನ್ ಆಯಿಲ್ ಬಳಿದರೆ ಸಾಕು ಎನ್ನುತ್ತಾರೆ. ಇನ್ನೊಬ್ಬರು ತುಕ್ಕನ್ನು ಗಟ್ಟಿ ಮಾಡುವ ದ್ರಾವಣ ಹಚ್ಚಿ ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೂವರ ಮಾತನ್ನೂ ಒಂದೊಂದಾಗಿ ನೋಡೋಣ.

ರಬ್ಬರಿನಂತೆ ಒಣಗುವ ಕಪ್ಪು ಅಂಡರ್‌ಕೋಟಿಂಗನ್ನು ಹೊಸ ಗಾಡಿಯ ಶುದ್ಧ ಲೋಹಕ್ಕೆ ಹೊಡೆದರೆ ಕಲ್ಲಿನೇಟಿನಿಂದ ರಕ್ಷಣೆ ಸಿಗುತ್ತದೆ. ಆಗಲೇ ತುಕ್ಕು ಹಿಡಿದಿರುವ ಲೋಹದ ಮೇಲೆ ಹೊಡೆದರೆ ಅದು ತುಕ್ಕನ್ನೂ ತೇವವನ್ನೂ ಒಳಗಿಟ್ಟು ಬೀಗ ಹಾಕುತ್ತದೆ. ಕಾಲಕ್ರಮದಲ್ಲಿ ಗಡುಸಾಗಿ ಬಿರುಕು ಬಿಟ್ಟಾಗ ನೀರು ಆ ಬಿರುಕಿನಿಂದ ಒಳಸೇರುತ್ತದೆ, ಮರಳಿ ಹೊರಬರಲು ಅದಕ್ಕೆ ದಾರಿಯಿರುವುದಿಲ್ಲ. ಹತ್ತು ವರ್ಷ ನೋಡಬೇಕಾಗಿಲ್ಲ ಎಂಬ ಮಾತಂತೂ ಸರಿಯಲ್ಲ. ಯಾವ ಲೇಪವನ್ನಾದರೂ ವರ್ಷಕ್ಕೊಮ್ಮೆ ನೋಡಲೇಬೇಕು.

ಬಳಸಿದ ಎಂಜಿನ್ ಆಯಿಲನ್ನು ದಯವಿಟ್ಟು ಹಚ್ಚಬೇಡಿ. ಅದರಲ್ಲಿ ಇಂಧನ ಉರಿದಾಗ ಉಂಟಾದ ಆಮ್ಲಗಳು ಸೇರಿರುತ್ತವೆ, ಸವೆದ ಲೋಹದ ಕಣಗಳಿರುತ್ತವೆ, ಸಸ್ಪೆನ್ಷನ್ ಕೀಲುಗಳಲ್ಲಿರುವ ಬುಷ್‌ಗಳ ರಬ್ಬರನ್ನು ಅದು ಉಬ್ಬಿಸುತ್ತದೆ. ಮಳೆ ಬಂದಾಗಲೆಲ್ಲ ಅದು ತೊಟ್ಟಿಕ್ಕಿ ಮಣ್ಣನ್ನೂ ನೀರನ್ನೂ ಕೆಡಿಸುವುದು ಇನ್ನೂ ದೊಡ್ಡ ಹಾನಿ. ಕಾರೊಂದನ್ನು ಉಳಿಸಲು ಬಾವಿಯ ನೀರನ್ನು ಕೆಡಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ತುಕ್ಕನ್ನು ಮಾರ್ಪಡಿಸುವ ದ್ರಾವಣಗಳು ನಿಜಕ್ಕೂ ಕೆಲಸ ಮಾಡುತ್ತವೆ, ಆದರೆ ಅವುಗಳಿಗೆ ಮಿತಿಯಿದೆ. ಹೆಚ್ಚಿನವುಗಳಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ. ಮೊದಲನೆಯದು ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿಯೂ ಎರಡನೆಯದು ನೀಲಿಗಪ್ಪು ಬಣ್ಣದ ಕಬ್ಬಿಣದ ಟ್ಯಾನೇಟಾಗಿಯೂ ಬದಲಾಯಿಸುತ್ತದೆ. ತೆಳುವಾದ, ಗಟ್ಟಿಯಾಗಿ ಅಂಟಿಕೊಂಡ ತುಕ್ಕಿನ ಮೇಲೆ ಇದು ಒಳ್ಳೆಯ ತಳಹದಿ. ದಪ್ಪ ಚಕ್ಕೆಗಳ ಮೇಲೆ ಸುರಿದರೆ ಮೇಲಿನ ಪದರವಷ್ಟೇ ಕಪ್ಪಾಗುತ್ತದೆ. ಅಡಿಯಲ್ಲಿ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ. ಅಲ್ಲದೆ ಈ ದ್ರಾವಣ ಕಳೆದುಹೋದ ಲೋಹವನ್ನು ಮರಳಿ ತರುವುದಿಲ್ಲ. ಕಪ್ಪಾದದ್ದೆಲ್ಲ ಗಟ್ಟಿಯಾಯಿತು ಎಂದು ಭಾವಿಸಬಾರದು.

ನಮ್ಮ ಸಲಹೆ ಹೀಗಿದೆ. ಮೊದಲು ಚಾಸಿಯ ಹೊರಗನ್ನೂ ಒಳಗನ್ನೂ ನೀರಿನಿಂದ ಚೆನ್ನಾಗಿ ತೊಳೆದು, ತೂತುಗಳನ್ನು ತಂತಿಯಿಂದ ಬಿಡಿಸಿ, ಕೆಸರು ಹೊರಬರುವುದು ನಿಂತು ಬರೀ ನೀರು ಬರುವ ತನಕ ಬಿಡಬೇಡಿ. ಹಲವು ದಿನ ಒಣಗಲು ಬಿಡಿ. ಒಳಗೆ ಗಾಳಿ ಊದುವ ವ್ಯವಸ್ಥೆಯಿದ್ದರೆ ಇನ್ನೂ ಒಳ್ಳೆಯದು. ಸಡಿಲ ಚಕ್ಕೆಗಳನ್ನು ಸುತ್ತಿಗೆ, ಉಳಿ ಮತ್ತು ವೈರ್ ಬ್ರಷ್‌ಗಳಿಂದ ಪೂರ್ತಿ ಬಿಡಿಸಿ. ಬರಿದಾದ ಲೋಹಕ್ಕೆ ಸತು ಬೆರೆತ ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಹಚ್ಚಿ, ಮೇಲೆ ಚಾಸಿ ಪೇಂಟ್ ಕೊಡಿ. ಮುಚ್ಚಿದ ತೊಲೆಗಳ ಒಳಗೆ ಮಾತ್ರ ಒಣಗಿ ಗಡುಸಾಗುವ ಬಣ್ಣ ಬೇಡ. ಅಲ್ಲಿಗೆ ಮೇಣ, ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ಅಥವಾ ಎಣ್ಣೆ ಆಧಾರದ, ಸದಾ ಮೆತ್ತಗಿರುವ ಲೇಪ ಬೇಕು. ಅದು ಸಂದಿಗಳಿಗೆ ತಾನಾಗಿ ಹರಿದು ಸೇರುತ್ತದೆ. ಸುತ್ತಲೂ ಸಿಂಪಡಿಸುವ ತುದಿಯಿರುವ ಉದ್ದನೆಯ ಕೊಳವೆಯನ್ನು ತೊಲೆಯ ಕೊನೆಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತ ಸಿಂಪಡಿಸಬೇಕು. ಎಲ್ಲ ಮುಗಿದ ಮೇಲೆ ನೀರು ಹರಿಯುವ ತೂತುಗಳನ್ನು ಮತ್ತೊಮ್ಮೆ ಬಿಡಿಸುವುದನ್ನು ಮರೆಯಬೇಡಿ; ಎಷ್ಟೋ ಕಡೆ ಒಳ್ಳೆಯ ಕೆಲಸ ಕೆಡುವುದು ಈ ಕಡೆಯ ಹೆಜ್ಜೆ ತಪ್ಪಿದಾಗಲೇ. ಬ್ರೇಕ್ ಡಿಸ್ಕ್, ಸೈಲೆನ್ಸರ್ ಮತ್ತು ರಬ್ಬರ್ ಭಾಗಗಳಿಗೆ ಲೇಪ ತಾಗದಂತೆ ಮುಚ್ಚಿಕೊಳ್ಳಿ. ಎಣ್ಣೆಯ ಬಗೆಯ ಲೇಪವನ್ನು ವರ್ಷಕ್ಕೊಮ್ಮೆ ಹೊಸದಾಗಿ ಕೊಡಬೇಕಾಗುತ್ತದೆ. ಮೇಣ ಹೆಚ್ಚು ಕಾಲ ಬಾಳುತ್ತದೆ.

ಪ್ರಶ್ನೆ: ಬ್ಯಾಟರಿಗೆ ಜೋಡಿಸಿದರೆ ಇಡೀ ಕಾರಿಗೆ ತುಕ್ಕು ಹಿಡಿಯದಂತೆ ತಡೆಯುವ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಜಾಹೀರಾತು ನೋಡಿದೆ. ಕೊಳ್ಳಬಹುದೇ?

ಉತ್ತರ: ಬೇಡ. ಹಡಗುಗಳಿಗೂ ನೆಲದಡಿಯ ಕೊಳವೆಗಳಿಗೂ ವಿದ್ಯುತ್ತಿನಿಂದ ತುಕ್ಕು ತಡೆಯುವ ವಿಧಾನ ಇರುವುದು ನಿಜ. ಆದರೆ ಅಲ್ಲಿ ಲೋಹದ ಸುತ್ತ ಸಮುದ್ರದ ನೀರು ಅಥವಾ ಒದ್ದೆ ಮಣ್ಣು ಎಡೆಬಿಡದೆ ಇದ್ದು, ವಿದ್ಯುತ್ ಹರಿಯಲು ಪೂರ್ಣ ಮಾರ್ಗ ಇರುತ್ತದೆ. ಗಾಳಿಯಲ್ಲಿ ನಿಂತ ಕಾರಿನ ಮೇಲೆ ಅಲ್ಲೊಂದು ಇಲ್ಲೊಂದು ಹನಿಯಷ್ಟೇ ಇರುವುದರಿಂದ ಆ ಮಾರ್ಗವೇ ಇಲ್ಲ. ಆ ಹಣದಲ್ಲಿ ಒಳಗಿನ ತೊಲೆಗಳಿಗೆ ಮೇಣ ಹಾಕಿಸಿ.

ಪ್ರಶ್ನೆ: ಹಳೆಯ ಕಾರೊಂದನ್ನು ಕೊಳ್ಳಲು ಹೊರಟಿದ್ದೇನೆ. ಮಾರುವವರು ಕೆಳಭಾಗಕ್ಕೆ ಹೊಸದಾಗಿ ಬಣ್ಣ ಹಾಕಿಸಿದ್ದಾರೆ. ತುಕ್ಕಿನ ದೃಷ್ಟಿಯಿಂದ ಯಾವ ಯಾವ ಜಾಗ ನೋಡಬೇಕು? ಕೆಲವು ಮಾದರಿಗಳಿಗೆ ತುಕ್ಕು ಹೆಚ್ಚು ಎಂಬುದು ನಿಜವೇ?

ಉತ್ತರ: ಮಾರಾಟಕ್ಕೆ ಮುನ್ನ ಹೊಸದಾಗಿ ಹೊಡೆದ ಕಪ್ಪು ಬಣ್ಣವನ್ನು ಕಂಡರೆ ಸಂತೋಷಪಡುವ ಬದಲು ಪ್ರಶ್ನೆ ಕೇಳಿ. ಬಣ್ಣಕ್ಕೆ ಮುನ್ನ ತೆಗೆದ ಚಿತ್ರಗಳಿದ್ದರೆ ತೋರಿಸಲು ಹೇಳಿ. ಪ್ರಾಮಾಣಿಕವಾಗಿ ಕೆಲಸ ಮಾಡಿಸಿದವರು ಸಾಮಾನ್ಯವಾಗಿ ಅಂಥ ಚಿತ್ರಗಳನ್ನು ಇಟ್ಟುಕೊಂಡಿರುತ್ತಾರೆ, ತೋರಿಸಲು ಹಿಂಜರಿಯುವುದಿಲ್ಲ.

ಚಿಕ್ಕದೊಂದು ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಸಿಲ್ಲಿನ ಉದ್ದಕ್ಕೂ, ಎಂದರೆ ಬಾಗಿಲುಗಳ ಕೆಳಗಿನ ತೊಲೆಯ ಮೇಲೆ ಆಡಿಸಿ ನೋಡಿ. ಹಿಡಿತ ಒಮ್ಮೆಲೇ ಸಡಿಲವಾದರೆ ಅಲ್ಲಿ ತಗಡಿನ ಬದಲು ಪುಟ್ಟಿ ತುಂಬಿದ್ದಾರೆ ಎಂದು ತಿಳಿಯಬಹುದು. ಜಾಕ್ ಕೊಡುವ ಜಾಗ ಒಳಗೆ ಕುಸಿದಿದೆಯೇ ನೋಡಿ. ಕಾರ್ಪೆಟ್ ಎತ್ತಿ ಚಾಲಕರ ಪಾದದ ಬಳಿಯ ನೆಲವನ್ನು ಬೆರಳಿನಿಂದ ಒತ್ತಿ. ಮುಂಗಾಜಿನ ಅಂಚಿನಿಂದ ಸೋರಿದ ನೀರು ಅಲ್ಲೇ ಬಂದು ನಿಲ್ಲುವುದು. ಹಿಂದಿನ ಚಕ್ರಗಳ ಮೇಲೆ ಚಾಸಿ ಬಾಗುವ ಕಡೆ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂರುವ ಬ್ರಾಕೆಟ್‌ಗಳ ಬುಡ, ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ, ಅಡ್ಡ ತೊಲೆಗಳು ಉದ್ದ ತೊಲೆಗೆ ಸೇರುವ ಮೂಲೆಗಳು, ಇವುಗಳಲ್ಲಿ ಕೆಸರು ಕೂರುವುದು ಹೆಚ್ಚು. ತೊಲೆಯ ತೂತಿನ ಮೂಲಕ ಒಳಗೆ ಇಳಿಸುವ ಚಿಕ್ಕ ಕ್ಯಾಮೆರಾ ಇರುವ ಮೆಕ್ಯಾನಿಕ್ ಸಿಕ್ಕರೆ, ಅದರಿಂದ ನೋಡಿಸುವುದು ಉಳಿದೆಲ್ಲ ಪರೀಕ್ಷೆಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಮಾದರಿಗಳ ಬಗ್ಗೆ ನಿಮ್ಮ ಸಂಶಯ ಸರಿಯಾದದ್ದೇ. 1980ರಲ್ಲಿ ಬ್ರಿಟನ್ನಿನಲ್ಲಿ ಲ್ಯಾನ್ಸಿಯಾ ಬೀಟಾ ಕಾರುಗಳ ಎಂಜಿನ್ ಹೊರುವ ಸಬ್‌ಫ್ರೇಮ್ (ಬಾಡಿಗೆ ಬಿಗಿದ ಚಿಕ್ಕ ಚೌಕಟ್ಟು) ಕೂರುವ ಜಾಗ ತುಕ್ಕು ಹಿಡಿದ ಸುದ್ದಿ ದೊಡ್ಡದಾಗಿ, ಕಂಪನಿಯೇ ಆರಂಭದ ಹಲವು ಕಾರುಗಳನ್ನು ಮರಳಿ ಕೊಳ್ಳಬೇಕಾಯಿತು. ಅಮೆರಿಕದಲ್ಲಿ ಟೊಯೊಟಾ 2008ರಲ್ಲಿ 1995ರಿಂದ 2000ದವರೆಗಿನ ಟಕೋಮಾ ಪಿಕಪ್‌ಗಳಲ್ಲಿ ಚಾಸಿ ತುಕ್ಕು ತಿಂದವನ್ನು ಮರಳಿ ಕೊಳ್ಳಲು ಮುಂದಾಯಿತು. ಮುಂದಿನ ತಲೆಮಾರಿನ ಟಕೋಮಾ, ಟುಂಡ್ರಾ, ಸೆಕ್ವೊಯಾಗಳ ಕುರಿತ ಮೊಕದ್ದಮೆಯಲ್ಲಿ 2016ರಲ್ಲಿ ಸುಮಾರು 15 ಲಕ್ಷ ವಾಹನಗಳಿಗೆ ಅನ್ವಯಿಸುವ, 340 ಕೋಟಿ ಡಾಲರ್ ವರೆಗಿನ ಮೌಲ್ಯದ ರಾಜಿ ಒಪ್ಪಂದಕ್ಕೆ ಒಪ್ಪಿತು. ಎಂಜಿನ್ ಲಕ್ಷಾಂತರ ಮೈಲಿ ಓಡಬಲ್ಲದು ಎಂಬ ಹೆಸರಿದ್ದ ವಾಹನಗಳ ಕಥೆ ಇದು. ಎಂಜಿನ್ನಿನ ಹೆಸರನ್ನು ನೋಡಿ ಚಾಸಿಯನ್ನು ನಂಬಬಾರದು.

ಬಾಡಿಯನ್ನು ನೋಡಿಯೂ ಚಾಸಿಯನ್ನು ನಂಬಬಾರದು. 1980ರ ದಶಕದ ಆರಂಭದ ಡೆಲೋರಿಯನ್ ಕಾರಿನ ಮೈ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್, ಅದರಡಿಯ ಚಾಸಿ ಮಾತ್ರ ಎಪಾಕ್ಸಿ ಲೇಪಿಸಿದ ಸಾಮಾನ್ಯ ಉಕ್ಕು. ಲೇಪ ಒಡೆದ ಕಡೆಯಿಂದ ಅದಕ್ಕೆ ತುಕ್ಕು ಹಿಡಿಯುತ್ತದೆ. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನ ಬಾಡಿ ತಗಡುಗಳು ಹೆಚ್ಚಾಗಿ ಅಲ್ಯೂಮಿನಿಯಂ, ಚಾಸಿ ಉಕ್ಕು. ಅದರ ಹಿಂಬದಿಯ ಅಡ್ಡ ತೊಲೆ ಮತ್ತು ಬದಿಗೆ ಚಾಚಿದ ತೋಳುಗಳು ತುಕ್ಕಿಗೆ ಹೆಸರಾದವು. ಅಲ್ಲದೆ ಎರಡು ಲೋಹಗಳು ತೇವದಲ್ಲಿ ಒಂದಕ್ಕೊಂದು ತಾಗುವ ಕಡೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಮೂಲ ಮಿನಿ ಕಾರಿನ ಹಿಂದಿನ ಸಬ್‌ಫ್ರೇಮನ್ನು, ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಎರಡೂ ಬದಿಗೆ ಬಿಸಿಗಾಳಿ ಒಯ್ಯುವ ಕೊಳವೆಯಂಥ ತೊಲೆಗಳನ್ನು ನೋಡದೆ ಕೊಳ್ಳಬೇಡಿ. ಇದಕ್ಕೆ ವಿರುದ್ಧವಾಗಿ, 1970ರ ದಶಕದ ಮಧ್ಯದಿಂದ ಪೋರ್ಷೆ 911ರ ಬಾಡಿಗೂ 1980ರ ದಶಕದ ಮಧ್ಯದಿಂದ ಆಡಿ 100ರ ಬಾಡಿಗೂ ಸತು ಲೇಪಿಸಿದ ಉಕ್ಕನ್ನು ಬಳಸಿದ್ದರಿಂದ ಅವು ತಮ್ಮ ಕಾಲದ ಉಳಿದ ಕಾರುಗಳಿಗಿಂತ ಹೆಚ್ಚು ಬಾಳಿದವು. ಹಾಗೆಂದು ಅವುಗಳಿಗೆ ತುಕ್ಕೇ ಹಿಡಿಯುವುದಿಲ್ಲ ಎಂದಲ್ಲ. ಅಪಘಾತವಾಗಿ, ಗ್ರೈಂಡ್ ಮಾಡಿ, ಬೆಸೆದ ಕಡೆ ಸತು ಹೋಗಿರುತ್ತದೆ. ಅಲ್ಲಿ ಅವೂ ಬೇರೆ ಕಾರುಗಳಂತೆಯೇ.

ಪ್ರಶ್ನೆ: ಚಾಸಿಯ ತೊಲೆಯಲ್ಲಿ ಅಂಗೈಯಗಲದ ತೂತು ಬಿದ್ದಿದೆ. ಮೇಲೊಂದು ತಗಡು ಇಟ್ಟು ವೆಲ್ಡಿಂಗ್ ಮಾಡಿದರೆ ಆಯಿತು, ಅರ್ಧ ದಿನದ ಕೆಲಸ ಎನ್ನುತ್ತಾರೆ ಮೆಕ್ಯಾನಿಕ್. ಒಪ್ಪಬಹುದೇ?

ಉತ್ತರ: ಆ ಅರ್ಧ ದಿನದ ಕೆಲಸಕ್ಕೆ ಒಪ್ಪಬೇಡಿ. ಕೊಳೆತ ಲೋಹದ ಮೇಲೆ ಹೊಸ ತಗಡು ಇಟ್ಟು ಬೆಸೆದರೆ ಬೆಸುಗೆಯ ಅಂಚು ಕೂರುವುದೇ ತೆಳುವಾದ ಲೋಹದ ಮೇಲೆ. ಎರಡು ಪದರಗಳ ನಡುವೆ ತುಕ್ಕಿಗೆ ಬೇಕಾದ ಸಂದಿಯನ್ನು ನಾವೇ ಕಟ್ಟಿಕೊಟ್ಟಂತೆಯೂ ಆಗುತ್ತದೆ. ಬೆಸುಗೆಯ ಶಾಖ ಒಳಗಿನ ಲೇಪವನ್ನು ಸುಟ್ಟುಹಾಕಿರುವುದರಿಂದ, ವರ್ಷ ಎರಡು ವರ್ಷದಲ್ಲಿ ಅದರ ಪಕ್ಕದಲ್ಲೇ ಹೊಸ ತೂತು ಕಾಣಿಸಿಕೊಳ್ಳುತ್ತದೆ.

ಸರಿಯಾದ ಕೆಲಸ ಎಂದರೆ ಮೊದಲು ಕೊಳೆತ ಭಾಗವನ್ನು, ಅದರ ಸುತ್ತಲಿನ ತೆಳುವಾದ ಲೋಹವನ್ನೂ ಸೇರಿಸಿ, ಗಟ್ಟಿ ಲೋಹ ಸಿಗುವ ತನಕ ಕತ್ತರಿಸಿ ತೆಗೆಯುವುದು. ನೀವು ಅಂಗೈಯಗಲ ಎಂದದ್ದು ಕತ್ತರಿಸಿದ ಮೇಲೆ ಎರಡು ಮೂರು ಪಟ್ಟಾದರೆ ಆಶ್ಚರ್ಯಪಡಬೇಡಿ, ಅದಕ್ಕಾಗಿ ಮೆಕ್ಯಾನಿಕ್ ಮೇಲೆ ಕೋಪವನ್ನೂ ಮಾಡಿಕೊಳ್ಳಬೇಡಿ. ಬಳಿಕ ಮೂಲ ಉಕ್ಕಿನಷ್ಟೇ ದಪ್ಪದ, ಅದೇ ಗುಣದ ಉಕ್ಕಿನ ತುಂಡನ್ನು ಆ ಜಾಗಕ್ಕೆ ಹೊಂದುವಂತೆ ರೂಪಿಸಿ, ಸುತ್ತಲೂ ಎಡೆಬಿಡದೆ ಬೆಸೆಯಬೇಕು. ಹೆಚ್ಚು ದಪ್ಪದ ತಗಡು ಹಾಕಿದರೆ ಹೆಚ್ಚು ಬಲ ಎಂಬುದು ತಪ್ಪು ತಿಳಿವಳಿಕೆ. ಚಾಸಿ ಓಡುವಾಗ ತುಸು ಬಾಗುತ್ತ ತಿರುಚುತ್ತ ಇರಬೇಕು. ಒಂದು ಕಡೆ ಅತಿಯಾಗಿ ಬಿಗಿಯಾದರೆ ಆ ತುಂಡಿನ ಅಂಚಿನಲ್ಲೇ ಬಿರುಕು ಹುಟ್ಟುತ್ತದೆ. ಇದೇ ಕಾರಣಕ್ಕೆ ತೊಲೆಗೆ ಅಡ್ಡಲಾಗಿ ನೇರ ಗೆರೆಯಲ್ಲಿ ಬೆಸೆಯದೆ, ಬಲಪಡಿಸುವ ತಗಡಿನ ತುದಿಗಳನ್ನು ಓರೆಯಾಗಿ ಅಥವಾ ವಜ್ರಾಕೃತಿಯಲ್ಲಿ ಕತ್ತರಿಸುತ್ತಾರೆ. ಹೊಸ ಕಾರುಗಳ ತೊಲೆಗಳಲ್ಲಿ ಬಳಸುವ ಅತಿ ಬಲದ ಉಕ್ಕಂತೂ ಬೆಸುಗೆಯ ಶಾಖಕ್ಕೆ ತನ್ನ ಬಲವನ್ನು ಕಳೆದುಕೊಳ್ಳಬಹುದಾದ್ದರಿಂದ, ಅಂಥ ಕಡೆ ತಯಾರಕರ ದುರಸ್ತಿ ಕೈಪಿಡಿ ಹೇಳಿದ ಜಾಗದಲ್ಲಿ, ಹೇಳಿದ ಕ್ರಮದಲ್ಲಿ ಮಾತ್ರ ಕೆಲಸ ಮಾಡಬೇಕು.

ಬೆಸೆಯುವ ಮುನ್ನ ಬ್ಯಾಟರಿಯ ತಂತಿ ಬಿಚ್ಚಿರಬೇಕು, ಹತ್ತಿರದ ಪೆಟ್ರೋಲ್ ಕೊಳವೆಯನ್ನೂ ಟ್ಯಾಂಕನ್ನೂ ಇಳಿಸಿರಬೇಕು, ಬೆಂಕಿ ಆರಿಸುವ ಸಾಧನ ಕೈಗೆಟುಕುವಂತಿರಬೇಕು. ಸತು ಲೇಪಿಸಿದ ಉಕ್ಕನ್ನು ಬೆಸೆಯುವಾಗ ಏಳುವ ಹೊಗೆ ಜ್ವರ, ನಡುಕ ತರಿಸುತ್ತದೆ. ಆದ್ದರಿಂದ ಬೆಸುಗೆಯ ಸುತ್ತಲಿನ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಮುಖವಾಡ ಧರಿಸಿ ಕೆಲಸ ಮಾಡಬೇಕು. ಮುಗಿದ ಮೇಲೆ ಹೊರಗೆ ಪ್ರೈಮರ್, ಒಳಗೆ ಮೇಣ. ಒಳಗಿನ ಮೇಣ ಇಲ್ಲದೆ ಈ ದುರಸ್ತಿ ಪೂರ್ಣವಾಗುವುದಿಲ್ಲ. ಭಾರ ಹೊರುವ ಭಾಗಕ್ಕೆ ಪುಟ್ಟಿ, ಫೈಬರ್ ಬಟ್ಟೆ, ಅಂಟು ಇವು ಯಾವುವೂ ದುರಸ್ತಿಯೇ ಅಲ್ಲ.

ಪ್ರಶ್ನೆ: ಚಾಸಿ ಗಟ್ಟಿಯಾಗಿದೆ ಎಂದು ಪರೀಕ್ಷಿಸಿದವರು ಹೇಳಿದ್ದಾರೆ. ಬೇರೆ ಯಾವುದನ್ನಾದರೂ ನೋಡಬೇಕೇ?

ಉತ್ತರ: ಬ್ರೇಕ್ ಪೈಪುಗಳನ್ನು ತಪ್ಪದೆ ನೋಡಿ. ಅವು ಚಾಸಿಯ ಉದ್ದಕ್ಕೂ ಹಾದುಹೋಗುವ ತೆಳುವಾದ ಉಕ್ಕಿನ ಕೊಳವೆಗಳು, ಚಾಸಿಗೆ ಬೀಳುವ ಕೆಸರು ಉಪ್ಪೆಲ್ಲ ಅವುಗಳಿಗೂ ಬೀಳುತ್ತದೆ. ಚಾಸಿಗೆ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪಿನ ಒಳಗೆ ತೇವ ನಿಂತು ಅಲ್ಲೇ ಸವೆಯುವುದು ಹೆಚ್ಚು, ಅದು ಹೊರಗೆ ಕಾಣುವುದಿಲ್ಲ. ಗಟ್ಟಿಯಾಗಿ ಬ್ರೇಕ್ ಒತ್ತಿದ ಗಳಿಗೆಯಲ್ಲೇ ಒತ್ತಡ ಅತಿ ಹೆಚ್ಚಾಗುವುದರಿಂದ ಪೈಪು ಒಡೆಯುವುದೂ ಆಗಲೇ. ಬದಲಾಯಿಸುವುದಾದರೆ ತಾಮ್ರ ಮತ್ತು ನಿಕ್ಕಲ್ ಬೆರೆತ ಪೈಪು ಹಾಕಿಸಿ. ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಬಗ್ಗಿಸುವುದೂ ಸುಲಭ. ಸಬ್‌ಫ್ರೇಮ್ ಬೋಲ್ಟುಗಳು, ಸೀಟ್‌ಬೆಲ್ಟ್ ಬೋಲ್ಟ್ ಕೂರುವ ತಗಡು, ಸ್ಪ್ರಿಂಗುಗಳ ಕೆಳಗಿನ ಬಟ್ಟಲು ಇವುಗಳನ್ನೂ ಅದೇ ಹೊತ್ತಿನಲ್ಲಿ ನೋಡಿಸಿ.

ಪ್ರಶ್ನೆ: ವರ್ಷದ ಬಹುಪಾಲು ಕಾರನ್ನು ಶೆಡ್ಡಿನಲ್ಲಿ ಹೊದಿಕೆ ಹಾಕಿಯೇ ನಿಲ್ಲಿಸಿರುತ್ತೇನೆ. ಆದರೂ ತುಕ್ಕು ಏರುತ್ತಿದೆ. ಮಳೆಯೇ ತಾಗದ ಕಾರಿಗೆ ಹೀಗೇಕೆ?

ಉತ್ತರ: ತುಕ್ಕಿಗೆ ಮಳೆ ಬೇಕಿಲ್ಲ. ಗಾಳಿಯ ತೇವಾಂಶ ಶೇಕಡ 60ರ ಆಸುಪಾಸನ್ನು ದಾಟಿದರೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪದರ ಉಕ್ಕಿನ ಮೇಲೆ ಕೂರುತ್ತದೆ, ಅಷ್ಟು ಸಾಕು. ನಿಮ್ಮ ಶೆಡ್ಡಿನ ನೆಲ ಮಣ್ಣಿನದಾಗಿದ್ದರೆ ತೇವ ನೆಲದಿಂದಲೇ ಏರಿ ನೇರವಾಗಿ ಚಾಸಿಗೆ ತಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಹೊದಿಕೆ ಆ ತೇವವನ್ನು ಒಳಗೇ ಹಿಡಿದಿಡುತ್ತದೆ. ರಾತ್ರಿ ತಣ್ಣಗಾದ ಲೋಹದ ಮೇಲೆ ಬೆಳಗಿನ ತೇವದ ಗಾಳಿ ಹನಿಗಟ್ಟುತ್ತದೆ.

ಗಾಳಿಯಾಡುವ ಬಟ್ಟೆಯ ಹೊದಿಕೆ ಬಳಸಿ, ನೆಲಕ್ಕೆ ಕಾಂಕ್ರೀಟ್ ಹಾಕಿಸಲಾಗದಿದ್ದರೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಶೆಡ್ಡಿನ ಎರಡು ಬದಿಗೆ ಗಾಳಿಕಿಂಡಿ ಇರಲಿ. ಒದ್ದೆಯಾಗಿ ಬಂದ ಕಾರನ್ನು, ಅದರಲ್ಲೂ ಉಪ್ಪಿನ ರಸ್ತೆಯಿಂದ ಬಂದದ್ದನ್ನು, ತೊಳೆಯದೆ ಬೆಚ್ಚಗಿನ ಮುಚ್ಚಿದ ಗ್ಯಾರೇಜಿನಲ್ಲಿ ನಿಲ್ಲಿಸುವುದು ಬಯಲಿನ ಚಳಿಯಲ್ಲಿ ನಿಲ್ಲಿಸುವುದಕ್ಕಿಂತ ಕೆಟ್ಟದ್ದು. ಶಾಖ ಹೆಚ್ಚಾದಷ್ಟೂ ತುಕ್ಕಿನ ವೇಗ ಹೆಚ್ಚು.

ಪ್ರಶ್ನೆ: ತಂದೆಯವರ ಕಾಲದ ಗಾಡಿ. ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಚಾಸಿ ಪೂರ್ತಿ ಕೊಳೆತಿದೆ, ಹಿಂದೆಯೂ ಎರಡು ಕಡೆ ತೂತಿದೆ. ಬಿಟ್ಟುಕೊಡಲು ಮನಸ್ಸಿಲ್ಲ. ನಿಧಾನವಾಗಿ, ಹತ್ತಿರದ ದಾರಿಗೆ ಮಾತ್ರ ಓಡಿಸುತ್ತಿದ್ದರೆ ತೊಂದರೆಯೇ?

ಉತ್ತರ: ನಿಮ್ಮ ಮನಸ್ಸು ಅರ್ಥವಾಗುತ್ತದೆ, ಆದರೂ ಸ್ಪಷ್ಟವಾಗಿ ಹೇಳಲೇಬೇಕು. ಆ ಗಾಡಿಯನ್ನು ಇಂದಿನಿಂದ ಒಂದು ಫರ್ಲಾಂಗಿನಷ್ಟು ದೂರಕ್ಕೂ ಓಡಿಸಬೇಡಿ. ಸ್ಟಿಯರಿಂಗ್ ಬಾಕ್ಸ್ ಚಾಸಿಯಿಂದ ಕಿತ್ತುಬಂದರೆ ಸ್ಟಿಯರಿಂಗ್ ಚಕ್ರ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ನಿಧಾನವಾಗಿದ್ದರೂ ಎದುರಿಗೆ ನಡೆದುಬರುವವರಿಗೆ ಅಪಾಯ ಅಷ್ಟೇ.

ಗಾಡಿಯನ್ನು ಬಿಟ್ಟುಕೊಡಬೇಕಾಗಿಯೂ ಇಲ್ಲ. ಅದು ಪ್ರತ್ಯೇಕ ಚಾಸಿಯ ವಾಹನವಾಗಿದ್ದರೆ ಬಾಡಿಯನ್ನು ಎತ್ತಿ ಹೊಸ ಚಾಸಿಯ ಮೇಲೆ ಕೂರಿಸುವ ದಾರಿಯಿದೆ. ಹೆಚ್ಚು ಬಳಕೆಯಲ್ಲಿರುವ ಕೆಲವು ಹಳೆಯ ಮಾದರಿಗಳಿಗೆ ಸತುವಿನಲ್ಲಿ ಅದ್ದಿದ ಹೊಸ ಚಾಸಿಗಳೇ ಸಿಗುತ್ತವೆ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನ ತೊಟ್ಟಿಯಲ್ಲಿ ಇಡೀ ಚಾಸಿಯನ್ನು ಮುಳುಗಿಸಿ ತೆಗೆದಾಗ ಒಳಗೂ ಹೊರಗೂ ಸುಮಾರು 70 ಮೈಕ್ರಾನ್ ದಪ್ಪದ ಸತು ಕೂರುತ್ತದೆ. ಎಲ್ಲಾದರೂ ಗೀರು ಬಿದ್ದರೆ ಸತು ತಾನು ಮೊದಲು ಕರಗಿ ಉಕ್ಕನ್ನು ಕಾಯುತ್ತದೆ. ಬಣ್ಣಕ್ಕೆ ಆ ಗುಣವಿಲ್ಲ. ಹೊಸ ಚಾಸಿ ಸಿಗದಿದ್ದರೆ ಅದೇ ಮಾದರಿಯ ಬೇರೊಂದು ಗಾಡಿಯ ಗಟ್ಟಿ ಚಾಸಿಯನ್ನು ಹುಡುಕಿ, ಮೇಲೆ ಹೇಳಿದಂತೆ ಒಳಗೂ ಹೊರಗೂ ಪರೀಕ್ಷಿಸಿದ ಬಳಿಕವೇ ಕೊಳ್ಳಿ.

ಕೆಲಸಕ್ಕೆ ಕೈಹಾಕುವ ಮೊದಲು ನೋಂದಣಿಯ ವಿಷಯವನ್ನು ಬಗೆಹರಿಸಿಕೊಳ್ಳಿ. ಇಂಥ ವಾಹನಗಳಲ್ಲಿ ಗಾಡಿಯ ಗುರುತಿನ ಸಂಖ್ಯೆಯನ್ನು ಚಾಸಿಯ ಮೇಲೆಯೇ ಕೊರೆದಿರುವುದು ಸಾಮಾನ್ಯ. ಚಾಸಿ ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತದೆ. ಹಳೆಯ ಸಂಖ್ಯೆಯನ್ನು ಕತ್ತರಿಸಿ ಹೊಸದಕ್ಕೆ ಬೆಸೆಯುವುದು ಅಪರಾಧವಾಗಬಹುದು. ನಿಮ್ಮ ಸಾರಿಗೆ ಇಲಾಖೆಯಿಂದ ಲಿಖಿತ ಅನುಮತಿ ಪಡೆದು, ಹಳೆಯ ಚಾಸಿಯ, ಸಂಖ್ಯೆಯ ಮತ್ತು ಕೊಳೆತ ಜಾಗಗಳ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಹೊಸ ಚಾಸಿಯ ಖರೀದಿ ರಶೀದಿಯನ್ನು ನೋಂದಣಿ ಪತ್ರದ ಜೊತೆಗೇ ಇಡಿ. ಅದು ಪ್ರತ್ಯೇಕ ಚಾಸಿಯಿಲ್ಲದ ಮೊನೊಕಾಕ್ ಆಗಿದ್ದರೆ, ಬಾಡಿಯನ್ನು ಮಗುಚಿ ತಿರುಗಿಸಬಲ್ಲ ಚೌಕಟ್ಟಿಗೆ ಬಿಗಿದು ಅಳತೆ ಹಿಡಿದು ಕೆಲಸ ಮಾಡಬಲ್ಲ ಕಾರ್ಯಾಗಾರ ಸಿಗುವ ತನಕ ಗಾಡಿಯನ್ನು ಒಣ ಜಾಗದಲ್ಲಿ, ಚಕ್ರಗಳ ಮೇಲಿನ ಭಾರ ಇಳಿಸಿ, ನಾಲ್ಕು ಗಟ್ಟಿ ಆಸರೆಗಳ ಮೇಲೆ ನಿಲ್ಲಿಸಿಡಿ. ಆಸರೆಗಳನ್ನು ಕೊಳೆತ ಜಾಗಕ್ಕೆ ಕೊಡದೆ, ಸುತ್ತಿಗೆಯಿಂದ ತಟ್ಟಿ ಗಟ್ಟಿಯೆಂದು ಗೊತ್ತಾದ ಕಡೆಗೇ ಕೊಡಿ.